ಎಳ್ಳಿನ ಹೊಲದಲ್ಲಿ ಎದ್ದ ಗೋರಿ

ವಾರದ ಮಟ್ಟಿಗೆ ತವರಿಗೆ ಹೋಗಿದ್ದ ಅಚಿರೊ ಎಳ್ಳು ಬಿತ್ತಲು ಹೊಲಕ್ಕಿಳಿದವಳು ಹಾಗೇ ನಿಂತಳು. ಹೊಲದ ನಡುವೆ ಒಂದು ಗೋರಿ ಎದ್ದಿತ್ತು.

ಮಧ್ಯಾಹ್ನದೊಳಗೆ ಅವಳ ಮೈದುನ ಒಕ್ವೆರಾ ಹಿರಿಯರನ್ನು ಕರೆಸಿಯಾಗಿತ್ತು. ಅದು ತನ್ನ ಅಪ್ಪನ ಗೋರಿಯಂತೆ. ವರ್ಷಗಳ ಹಿಂದೆ ಯುದ್ಧಕ್ಕೆ ಹೆದರಿ ಊರೆಲ್ಲ ಶಿಬಿರಕ್ಕೆ ಓಡಿದಾಗ ತಾನೊಬ್ಬನೇ ಹೂತಿದ್ದನಂತೆ. ಹುಲ್ಲಿನಲ್ಲಿ ಮುಚ್ಚಿಹೋಗಿತ್ತು, ಈಗ ಬರೀ ಕಲ್ಲು ಪೇರಿಸಿದ್ದಾನಂತೆ. ನಮ್ಮ ಅಚೋಲಿ ನಾಡಿನಲ್ಲಿ ಅಪ್ಪ ಮಲಗಿದ ನೆಲ ಮಗನದು. ಗಂಡ ತೀರಿಕೊಂಡಿದ್ದ ಅಚಿರೊ, ಮಗಳು ಲಮಾರೊ, ಇಬ್ಬರೂ ಜಾಗ ಖಾಲಿ ಮಾಡಬೇಕು. ಅವರಿಗಿದ್ದದ್ದು ಆ ಹೊಲವೊಂದೇ.

ಅಚಿರೊ ಪೊಲೀಸ್ ಠಾಣೆಗೆ ಓಡಿದಳು.

* * *

ಸಾರ್ಜೆಂಟ್ ಲಾನ್ಯೆರೊ ಗೋರಿಯ ಸುತ್ತ ಎರಡು ಸಲ ನಡೆದಳು. ಒಂದು ಕಲ್ಲು ಮಗುಚಿದಳು. ಅಡಿಯಲ್ಲಿ ಮಸಿ. ಅಡುಗೆಮನೆಯ ಗೋಡೆಯ ಕಲ್ಲು. ಪಕ್ಕದ ಹೊಲದ ಒಜಾರ ಈಚೆಗಷ್ಟೇ ಅಡುಗೆಮನೆ ಕೆಡವಿದ್ದ. ಗಡಿಯ ವಿಷಯದಲ್ಲಿ ಅಚಿರೊಗೂ ಅವನಿಗೂ ಹಳೇ ಜಗಳ. ಎಲ್ಲರ ಕಣ್ಣೂ ಅವನತ್ತ ಹೊರಳಿತು.

"ಕಲ್ಲು ನನ್ದೇ ತಾಯಿ," ಎಂದ ಒಜಾರ. "ಕೋಳಿಗೂಡು ಕಟ್ತೀನಿ ಅಂತ ಒಕ್ವೆರಾ ಹೊತ್ಕೊಂಡು ಹೋದ. ಇಷ್ಟು ದೊಡ್ಡ ಕೋಳಿ ಯಾವುದಪ್ಪಾ ಅಂತ ನಾನೂ ಕೇಳ್ಲಿಲ್ಲ."

ಒಕ್ವೆರಾ ಅಳುಕಲಿಲ್ಲ. ಗೋರಿಗೆ ಅಂದಿದ್ದರೆ ಇವನು ಅಡುಗೆಮನೆಯ ಕಲ್ಲು ಕೊಡಲು ಹೆದರುತ್ತಿದ್ದ, ಅದಕ್ಕೇ ಕೋಳಿಗೂಡು ಅಂದೆ ಎಂದ. ಹಿರಿಯರು ತಲೆದೂಗಿದರು. ಮೋಡ ಕಟ್ಟುತ್ತಿತ್ತು. ಅಚಿರೊ ನಿಂತಲ್ಲಿ ನಿಲ್ಲಲಾರದೆ ಬೀಜದ ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸುತ್ತಲೇ ಇದ್ದಳು.

"ಹಾಗಾದ್ರೆ ತೆಗೆದು ನೋಡೋಣ್ವಾ ಅಣ್ಣ?" ಎಂದಳು ಲಾನ್ಯೆರೊ.

"ನೋಡೋಣ. ಮೂಳೆ ಕಂಡ್ಮೇಲಾದ್ರೂ ಅತ್ತಿಗೆ ಬಾಯಿ ಮುಚ್ತಾಳೆ."

ಒಕ್ವೆರಾ ಗುದ್ದಲಿ ಎತ್ತಿದ. ಲಾನ್ಯೆರೊ ಅವನ ಮಣಿಕಟ್ಟು ಹಿಡಿದಳು.

* * *

"ಅಪ್ಪನ ಗೋರಿ ತೆಗೆಯೋನು ಮೊದಲು ಏನು ಕೇಳ್ತಾನೆ?" ಲಾನ್ಯೆರೊ ಮೆಲ್ಲಗೆ ಕೇಳಿದಳು. "ಆಡು ಕೇಳ್ತಾನೆ. ಅಗೆಯೋಕೆ ಅಕ್ಕತಂಗಿಯರ ಮಕ್ಕಳನ್ನ ಕರೀರಿ ಅಂತಾನೆ. ಆಡಿನ ರಕ್ತ ಬೀಳದೆ ಗುದ್ದಲಿ ತಾಗಿದ್ರೆ ಅಪ್ಪ ಮನೆಮಂದೀನ ಬಿಡಲ್ಲ ಅಂತ ನಡುಗ್ತಾನೆ. ನೀನು ಅಪ್ಪನ ಎದೆಗೇ ಗುದ್ದಲಿ ಎತ್ತಿದೆ. ಯಾಕಂದ್ರೆ ಅಲ್ಲಿ ಅಪ್ಪ ಇಲ್ಲ."

ಆಡು ತರಿಸಬೇಕೇ ಎಂದು ಯಾರೋ ಕೇಳಿದರು.

"ಬೇಡ," ಎಂದರು ಹಿರಿಯ ಒಡೊಕ್. "ಒಳಗೆ ನಮ್ಮೋರು ಯಾರೂ ಇಲ್ಲ."

ಕಲ್ಲು ಸರಿಸಿದರು. ಮಣ್ಣಿನಡಿ ಬಟ್ಟೆಯ ಗಂಟು. ಅದರಲ್ಲಿ ಹಸುವಿನ ಪಕ್ಕೆಲುಬುಗಳು. ಒಕ್ವೆರಾ ನೆಲ ಅಗೆದಿರಲೇ ಇಲ್ಲ. ಗಂಟನ್ನಿಟ್ಟು ಮೇಲೆ ಮಣ್ಣು ಸುರಿದಿದ್ದ. ಗಂಟಿನ ಕೆಳಗೆ ಕಳೆದ ಸುಗ್ಗಿಯಲ್ಲಿ ಅಚಿರೊ ಕೊಯ್ದ ಎಳ್ಳಿನ ಕೂಳೆ ಸಾಲುಸಾಲಾಗಿ ನಿಂತಿತ್ತು.

ಒಕ್ವೆರಾ ತಲೆ ತಗ್ಗಿಸಿ ಪೊಲೀಸ್ ಜೀಪು ಹತ್ತಿದ.

ಹೊಲ ಅಚಿರೊಳದೇ ಎಂದರು ಒಡೊಕ್. ಅವಳು ಕದಲಲಿಲ್ಲ. ಈಗಲೇ, ಎಲ್ಲರೆದುರು, ಹೊಲದ ಒಡತಿಯಾಗಿ ಮಗಳ ಹೆಸರನ್ನೂ ಹೇಳಬೇಕೆಂದು ಪಟ್ಟು ಹಿಡಿದಳು.

"ಅವಳು ಮದುವೆಯಾಗಿ ಹೋಗೋಳು ಕಣಮ್ಮ," ಎಂದರು ಒಡೊಕ್.

"ಹೋಗ್ಲಿ ಅಜ್ಜ. ವಾಪಸ್ ಬಂದ್ರೆ, ನಿಂತ್ಕೋ ಅನ್ನೋಕೆ ನೆಲ ಬೇಕಲ್ಲ."

ಒಡೊಕ್ ನೆರೆದವರತ್ತ ತಿರುಗಿದರು. ಊರಿಗೆಲ್ಲ ಕೇಳುವಂತೆ ಎರಡು ಹೆಸರು ಹೇಳಿದರು.