ಮಗ್ಗ ನಿಂತ ಭಾನುವಾರ

ಮಗ್ಗದ ಸದ್ದಿಲ್ಲದ ರಬಕವಿಯ ಓಣಿಯನ್ನು ಶೇವಂತಿ ಅದುವರೆಗೆ ಕಂಡಿರಲಿಲ್ಲ. ಬೆನ್ನ ಹಿಂದೆ ಮಿನಿಬಸ್ಸಿನಿಂದ ಪ್ರೊಫೆಸರರೂ ಹನ್ನೆರಡು ಸಹಪಾಠಿಗಳೂ ಇಳಿಯುತ್ತಿದ್ದರು. ಎದುರಿಗೆ ನೇಕಾರ ನೀಲಕಂಠನ ಪವರ್‌ಲೂಮ್ ಶೆಡ್ಡು ಗಪ್ಪಾಗಿ ನಿಂತಿತ್ತು.

“ಇವತ್ತ ಅಮಾಸಿ ಅಲ್ಲೇನವಾ? ಮಗ್ಗ ಮುಟ್ಟೂದಿಲ್ಲ ನಾವು,” ಎಂದಳು ನೀಲಕಂಠನ ತಾಯಿ ತಾರವ್ವ.

ಶೇವಂತಿ ಕೈಯಲ್ಲಿದ್ದ ಕರಪತ್ರದ ತಾರೀಖನ್ನು ಮತ್ತೊಮ್ಮೆ ನೋಡಿದಳು. ಧಾರವಾಡದಲ್ಲಿ ಪ್ರವಾಸೋದ್ಯಮದ ಎಂ.ಎ. ಎರಡನೆಯ ವರ್ಷ. ತಮ್ಮ ಸೀಮೆಯಲ್ಲಿ ಒಂದು ದಿನದ ಪ್ರವಾಸ ಏರ್ಪಡಿಸಿ ತೋರಿಸುವುದೇ ಕೊನೆಯ ಪರೀಕ್ಷೆ. ಬೆಳಿಗ್ಗೆ ಮುಧೋಳದ ಬೇಟೆನಾಯಿ, ಮಧ್ಯಾಹ್ನ ರಬಕವಿಯ ಮಗ್ಗ ಎಂದು ಕರಪತ್ರ ಅಚ್ಚು ಹಾಕಿಸಿದ್ದಳು. ನೌಕರದಾರ ಮನೆತನದ ಹುಡುಗಿ ಕ್ಯಾಲೆಂಡರಿನ ಕೆಂಪು ಅಂಕಿ ನೋಡಿದಳೇ ಹೊರತು ಪಕ್ಕದ ಅಮಾವಾಸ್ಯೆಯ ಕಪ್ಪು ಚುಕ್ಕೆ ನೋಡಲಿಲ್ಲ.

ಫೀಲ್ಡ್‌ವರ್ಕಿಗೆಂದು ಎರಡು ತಿಂಗಳು ಜಮಖಂಡಿಯ ಚಿಗವ್ವನ ಮನೆಯಲ್ಲಿದ್ದಳು. ಊಟಕ್ಕೆ ಕರೆಯುವುದು ಬಿಟ್ಟರೆ ಅಲ್ಲಿ ಯಾರೂ ಅವಳನ್ನು ಮಾತಾಡಿಸುತ್ತಿರಲಿಲ್ಲ. “ತಿರಗಾಡಾಕೂ ಎಂ.ಎ. ಮಾಡಬೇಕೇನ?” ಎಂದು ಕಾಕಾ ಒಮ್ಮೆ ನಕ್ಕಿದ್ದರು, ಅಷ್ಟೆ. ಭಾನುವಾರ ಬಸ್ಸು ಹತ್ತಿ ಇಲ್ಲಿಗೆ ಬಂದರೆ ನೀಲಕಂಠನೊಬ್ಬ ಅವಳ ಪ್ರಶ್ನೆಗಳಿಗೆಲ್ಲ ಉತ್ತರ ಕೊಡುತ್ತಿದ್ದ. ಅದೂ ಒದರಿ ಒದರಿ. ಮಗ್ಗದ ಗದ್ದಲದಲ್ಲಿ ನೇಕಾರರು ತುಟಿ ನೋಡಿಯೇ ಮಾತು ತಿಳಿಯುತ್ತಾರೆ. ಅವಳಿಗೂ ಅದನ್ನು ಕಲಿಸಿದ್ದ. ಅವನು ತುಟಿ ನೋಡುತ್ತಾನೆಂದು ಗೊತ್ತಾದಾಗಲೆಲ್ಲ ಅವಳು ನೋಟ್‌ಬುಕ್ಕಿನಲ್ಲಿ ಏನೇನೋ ಬರೆಯುತ್ತಿದ್ದಳು. ಉಳಿದ ಆರು ದಿನ ಆ ಗೀಚನ್ನೇ ಓದುತ್ತಿದ್ದಳು.

ಈಗ ಅವನನ್ನು ಶೆಡ್ಡಿನ ಮೂಲೆಗೆ ಕರೆದಳು.

“ಮೂರು ವಾರದ ಹಿಂದ ಕರಪತ್ರ ಕೊಟ್ಟಿದ್ದೆ. ತಾರೀಖು ನೋಡಲಿಲ್ಲೇನ್ರಿ?”

“ನೋಡಿದ್ದೆ.”

“ಅಮಾಸಿ ಅಂತ ಗೊತ್ತಾಗಲಿಲ್ಲ?”

“ಆವತ್ತ ಗೊತ್ತಾತ್ರಿ.” ಅವನು ತಲೆ ಎತ್ತಲಿಲ್ಲ. “ನಿಮಗ ಸಾವಕಾಶ ಹೇಳೂ ಮಾತೊಂದಿತ್ತು. ಮಗ್ಗ ನಿಂತ ದಿನ ಬರಲಿ ಅಂತ ಸುಮ್ಮನಾದೆ. ಪರೀಕ್ಷಾ ಅಂತ ತಿಳೀಲಿಲ್ರಿ. ಬರೇ ತಿರಗಾಡಾಕ ಬರತಾರ ಅಂದಕೊಂಡಿದ್ದೆ.”

“ನೀವೂ ಹಂಗ ಅಂದಕೊಂಡ್ರಿ?”

ಅವಳ ಕಣ್ಣು ತುಂಬಿತು. ಮಾರ್ಕ್ಸು ಹೋಗುವುದಕ್ಕಿಂತ ಈ ಮಾತೇ ಹೆಚ್ಚು ನೋಯಿಸಿತು. ಅವನಾದರೂ ತನ್ನ ಓದಿನ ಬೆಲೆ ತಿಳಿದುಕೊಂಡಿದ್ದಾನೆಂದು ನಂಬಿ ಎರಡು ತಿಂಗಳು ಕಳೆದಿದ್ದಳು.

“ತಪ್ಪಾತು. ಆ ಮಾತು—”

“ಈಗ ಹೇಳಬ್ಯಾಡ್ರಿ.”

ಬಾಗಿಲಲ್ಲಿ ಪ್ರೊಫೆಸರರು ಗಡಿಯಾರ ನೋಡುತ್ತ ನಿಂತಿದ್ದರು. “ಮತ್ತ ಏನು ತೋರಸ್ತೀರಿ?”

ಶೇವಂತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಬರ್ರಿ ಸರ್. ಮಗ್ಗ ನಿಂತಾವ. ಮಗ್ಗದಾಗ ಮಾತು ಹೆಂಗ ನಡೀತೈತಿ, ಅದನ್ನ ತೋರಸ್ತೀನಿ.”

ಎಲ್ಲರನ್ನೂ ಒಳಗೆ ಕರೆದು, ನೀಲಕಂಠನನ್ನು ಶೆಡ್ಡಿನ ಆ ತುದಿಗೆ ನಿಲ್ಲಿಸಿದಳು. “ದನಿ ಇಲ್ಲದ ಏನರೆ ಹೇಳ್ರಿ. ನಾ ಇವರಿಗೆ ಹೇಳತೇನಿ.”

ಅವನ ತುಟಿ ಅಲುಗಿತು. “ನೂಲು ಬನಹಟ್ಟಿಯಿಂದ ಬರತೈತಂತ,” ಎಂದಳು. ಮತ್ತೆ ಅಲುಗಿತು. “ನೇಯೂದನ್ನ ಅವರ ಅವ್ವ ಕಲಿಸ್ಯಾರಂತ.” ತಾರವ್ವ ಹೌದೆಂದು ತಲೆಯಾಡಿಸಿದಾಗ ಹುಡುಗರು ಚಪ್ಪಾಳೆ ತಟ್ಟಿದರು. ಪ್ರೊಫೆಸರರು ಪೆನ್ನು ತೆಗೆದರು.

ಮೂರನೆಯ ಸಲ ಅವನು ಅವಳೊಬ್ಬಳನ್ನೇ ನೋಡಿದ. ಆಮೇಲೆ ಒಂದೊಂದೇ ಅಕ್ಷರ ಬಿಡಿಸಿ ತುಟಿಯಾಡಿಸಿದ.

ನೀವು ಬರದ ಆರು ದಿನ ನನಗ ಯಾರೂ ಇಲ್ಲ.

ಶೇವಂತಿಯ ಕಿವಿ ಬಿಸಿಯಾಯಿತು. ಆರು ದಿನದ ಲೆಕ್ಕ ತನ್ನದೊಬ್ಬಳದೇ ಎಂದು ತಿಳಿದಿದ್ದಳು.

“ಏನಂತ?” ಪ್ರೊಫೆಸರರು ಕೇಳಿದರು.

“ಚಹಾ ಆಗೇತಂತ ಸರ್. ಕುಡದ ಹೋಗಬೇಕಂತ.”

ತಾರವ್ವ ಮಗನನ್ನೊಮ್ಮೆ ನೋಡಿದಳು, ಹುಡುಗಿಯನ್ನೊಮ್ಮೆ. ಆಗಿರದ ಚಹಾ ಇಡಲು ಒಳಗೆ ನಡೆದಳು.

ಸಂಜೆ ಮಿನಿಬಸ್ಸು ಹೊರಟಿತು. ಶೇವಂತಿಯೂ ಅದರಲ್ಲೇ ಧಾರವಾಡಕ್ಕೆ ಮರಳಬೇಕು. ಹಾಸ್ಟೆಲಿನ ಕೋಣೆ ಅವಳಿಗಾಗಿ ಬೀಗ ಹಾಕಿಕೊಂಡು ಕಾದಿತ್ತು. ಕಿಟಕಿಯ ಕೆಳಗೆ ನೀಲಕಂಠ ನಿಂತಿದ್ದ. ಎಂಜಿನ್ನಿನ ಸದ್ದಿಗೆ ಏನೂ ಕೇಳುವಂತಿರಲಿಲ್ಲ. ಏನೂ ಕೇಳಬೇಕಾಗಿಯೂ ಇರಲಿಲ್ಲ. ಅವಳು ಈ ಸಲ ನೋಟ್‌ಬುಕ್ಕು ತೆರೆಯದೆ ಅವನತ್ತ ಮುಖ ಮಾಡಿ, ದನಿ ಇಲ್ಲದೆ ಹೇಳಿದಳು:

“ಮುಂದಿನ ಅಮಾಸಿಗೆ ಬರತೇನಿ. ಸಾವಕಾಶ ಹೇಳ್ರಿ.”