ತಾಮ್ರದ ಕಂಬಿಯ ಆಚೆ ತುದಿ

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಪುತ್ತೂರು ಠಾಣೆಯಲ್ಲಿ ದೂರು ಬರೆಯುವಾಗ ಗಾನಶ್ರೀಯ ಕೈಯಿಂದ ಪೆನ್ನು ಎರಡು ಸಲ ಜಾರಿತು. ಕಾಲೇಜಿನಲ್ಲಿ ಸಂಶೋಧನೆ ಮಾಡುವ ಹುಡುಗಿ. ‘ಬಿಟ್ಟು ಹೋಗು, ಇಲ್ಲದಿದ್ದರೆ ನಿನ್ನ ಹೆಣ ಹೋಗುತ್ತದೆ’ ಎಂಬ ಚೀಟಿ ಪ್ರಯೋಗಾಲಯದ ಬಾಗಿಲಡಿ ಸಿಕ್ಕಿತ್ತು. ಬೆದರಿಕೆಯ ಎಫ್‌ಐಆರ್ ದಾಖಲಾಯಿತು. ಪೆನ್ನು ಹೆಕ್ಕಿ ಕೊಟ್ಟ ಕಾನ್‌ಸ್ಟೆಬಲ್ ಭವಿತಾಳ ಕೈಯನ್ನು ಅವಳು ಬಿಡಲೇ ಇಲ್ಲ.

“ಎರಡು ಚಿನ್ನದ ಮೊನೆಗಳ ನಡುವೆ ಒಂದೇ ಒಂದು ಅಣು ಮೇಡಂ. ಕರೆಂಟು ಹಾಯಿಸಿ, ಬಿಸಿ ಎಷ್ಟು, ಎಲ್ಲಿಗೆ ಹೋಗ್ತದೆ ಅಂತ ಅಳೆಯುದು. ಈಚೆಗೆ ದಿನಾ ಸಂಜೆ ನಾನೊಬ್ಳೇ ಇರುವಾಗ ಕರೆಂಟು ಹಾಕದೆಯೂ ಬಿಸಿ ಏರ್ತದೆ. ನಾಳೆ ಸರಿಯಾದ ಅಳತೆ ಕೊಡದಿದ್ರೆ ನನ್ನ ಸಂಶೋಧನೆಯ ಸೀಟು ಹೋಗ್ತದೆ.”

ಇನ್‌ಸ್ಪೆಕ್ಟರ್ ತೀರ್ಥರಾಮ ಕಾಲೇಜಿಗೆ ಹೋಗಿ ಅವಳ ಮಾರ್ಗದರ್ಶಕ ಸರ್ವೋತ್ತಮರನ್ನು ವಿಚಾರಿಸಿದರು.

“ಯಂತ್ರ ಸರಿ ಉಂಟಾ?”

“ಉಂಟು.”

“ಮತ್ತೆ ಬಿಸಿ?”

“ಎಂತ ಹೇಳುದು ಸಾರ್. ಹುಡುಗಿಗೆ ತಲೆ ಸರಿ ಇಲ್ಲ.”

ಸರ್ವೋತ್ತಮ ಕ್ಲಾಸಿಗೆ ಹೋದ ಮೇಲೆ ಪ್ರಯೋಗಾಲಯದ ಪಂಚನಾಮೆ ನಡೆಯಿತು. ಬಿಸಿ ಹೊರಹೋಗಲೆಂದು ಯಂತ್ರಕ್ಕೆ ಜೋಡಿಸಿದ್ದ ತಾಮ್ರದ ಕಂಬಿ ಗೋಡೆ ತೂರಿ ಪಕ್ಕದ ಸಾಮಾನು ಕೋಣೆಯಲ್ಲಿ ಮುಗಿಯುತ್ತಿತ್ತು. ಕಂಬಿಯೆಲ್ಲ ಕಪ್ಪಿಟ್ಟಿದ್ದರೂ ತುದಿಯ ಗೇಣುದ್ದ ಮಾತ್ರ ಹುಣಸೆಹಣ್ಣು ಹಾಕಿ ತಿಕ್ಕಿದ ಚೆಂಬಿನ ಹಾಗೆ ಹೊಳೆಯುತ್ತಿತ್ತು. ಭವಿತಾ ಅಲ್ಲಿ ಕೈಯಿಟ್ಟಳು.

“ಏರ್ತಾ ಉಂಟು!” ಗೋಡೆಯಾಚೆ ಯಂತ್ರದ ಮುಂದಿದ್ದ ಗಾನಶ್ರೀ ಕಿರುಚಿದಳು.

ಭವಿತಾಳಿಗೆ ಆಗ ಹೊಳೆಯಿತು. ಇಷ್ಟು ದಿನ ಯಾರೋ ಇಲ್ಲೇ, ಹೀಗೇ ಅಂಗೈ ಒತ್ತಿ, ಉಸಿರು ಬಿಗಿಹಿಡಿದು ನಿಂತಿದ್ದರು.

ಎಲ್ಲರಿಗೂ ಕಾಣುವಂತೆ ಜೀಪು ವಾಪಸು ಹೋಯಿತು. ಸಂಜೆ ಆರೂವರೆಗೆ, ಅಳತೆಗೆ ಅಡ್ಡಿಯಾಗದಂತೆ ದೀಪ, ಫ್ಯಾನು ಆರಿಸಿ ಗಾನಶ್ರೀ ಎಂದಿನಂತೆ ಕುಳಿತಳು. ಕುರ್ಚಿಯ ಹಿಂದೆ ನೆಲದಲ್ಲಿ ಭವಿತಾ. ಇನ್‌ಸ್ಪೆಕ್ಟರ್ ಹೊರಗೆ ಕಂಬದ ಮರೆಯಲ್ಲಿದ್ದರು. ಯಂತ್ರದ ಪರದೆಯಲ್ಲಿ ಬಿಸಿ ತೋರಿಸುವ ಗೆರೆ ಬಹಳ ಹೊತ್ತು ಮಲಗಿಯೇ ಇತ್ತು. ಆಮೇಲೆ ತಲೆಯೆತ್ತಿತು. ಹೆಜ್ಜೆಯ ಸದ್ದಿಲ್ಲ, ಗೆರೆ ಮಾತ್ರ ಏರುತ್ತಿದೆ. ಭವಿತಾ ಇನ್‌ಸ್ಪೆಕ್ಟರಿಗೆ ಮಿಸ್ಡ್ ಕಾಲ್ ಕೊಟ್ಟಳು.

ಇನ್‌ಸ್ಪೆಕ್ಟರ್ ಸಾಮಾನು ಕೋಣೆಯ ಬಾಗಿಲನ್ನು ದಡಾರನೆ ತೆರೆದರು. ಕಂಬಿ ಹಿಡಿದು ನಿಂತಿದ್ದವರು ಸರ್ವೋತ್ತಮ.

“ಚೀಟಿಯೂ ನಿಮ್ಮದೇ?”

“ಹೌದು.”

“ಯಾಕೆ?”

“ಬಿಸಿ ಪೂರ್ತಿ ಲೋಹಕ್ಕೆ ಇಳಿದುಹೋಗ್ತದೆ, ಅಣುವಿನಲ್ಲಿ ಉಳಿಯುದಿಲ್ಲ ಅಂತ ಹೇಳಿ ಹೆಸರು ಮಾಡಿದವ ನಾನು. ಉಳಿಯುತ್ತದೆ ಅಂತ ಅವಳ ಅಳತೆ. ಅವಳದ್ದೇ ಸರಿ. ಅಳತೆ ಕೆಡಿಸಿದ್ರೆ ಅವಳೇ ಬಿಟ್ಟು ಹೋಗ್ತಾಳೆ ಅಂತ ಕಂಬಿ ಹಿಡಿದೆ. ಯಾರಾದ್ರೂ ಕಂಡುಹಿಡಿದಾರು ಅಂತ ವರ್ಷಗಟ್ಟಲೆ ಹೆದರಿಕೊಂಡೇ ಇದ್ದೆ ಸಾರ್.”

ಬಂಧನದ ಕಾಗದಕ್ಕೆ ಸಹಿ ಹಾಕುವಾಗ ಸರ್ವೋತ್ತಮರ ಕೈಯಿಂದ ಪೆನ್ನು ಜಾರಿತು. ಬೆಳಿಗ್ಗೆ ಗಾನಶ್ರೀಗೆ ಕೊಟ್ಟ ಹಾಗೆಯೇ ಭವಿತಾ ಅದನ್ನು ಹೆಕ್ಕಿ ಕೊಟ್ಟಳು.