ಹದಿನೆಂಟನೆಯ ಎಪಿಸೋಡು

ನಮ್ಮ ಮನೆಯ ಟಿವಿಯಲ್ಲಿ ಹಾಂಗ್‌ಕಾಂಗಿನ ಪೊಲೀಸ್ ಇನ್ಸ್‌ಪೆಕ್ಟರೊಬ್ಬ ಗದಗಿನ ಕನ್ನಡ ಮಾತಾಡುತ್ತಿದ್ದ.

ತಮಾಷೆಯಲ್ಲ. ಒಂದು ಭಾನುವಾರ ಮಧ್ಯಾಹ್ನ ತರಕಾರಿ ಚೀಲ ಹಿಡಿದು ಫ್ಲ್ಯಾಟ್ ಬುಷ್ ಬಡಾವಣೆಯ ಮನೆಯೊಳಗೆ ಕಾಲಿಟ್ಟಾಗ, "ಲೇ ಮಗನ, ಸುಳ್ಳ ಹೇಳಬ್ಯಾಡ, ನಿನ್ನ ಬೂಟಿಗೆ ರಕ್ತ ಹತ್ತೇತಿ ನೋಡ" ಎಂದು ಹೆಣ್ಣು ದನಿಯೊಂದು ಗದರುತ್ತಿತ್ತು. ಸೋಫಾದ ಮೇಲೆ ನನ್ನ ಅಮ್ಮ ಉಸಿರು ಬಿಗಿಹಿಡಿದು ಕೂತಿದ್ದಳು. ಪಕ್ಕದಲ್ಲಿ ನಾನು ಎಂದೂ ನೋಡಿರದ ಹುಡುಗಿ.

"ಯಾರು ನೀವು?" ಎಂದೆ.

"ಸ್ವಲ್ಪ ತಡೀರಿ, ಅರೆಸ್ಟ್ ಆಗ್ಲಿ," ಎಂದಳು, ತಿರುಗಿಯೂ ನೋಡದೆ.

ಅರೆಸ್ಟ್ ಆದ ಮೇಲೆ ಅಮ್ಮ ಪರಿಚಯ ಮಾಡಿಸಿದಳು. "ನನ್ನ ಬಿ.ಪಿ. ಮಾತ್ರೆ ಕೊಟ್ಟ ಹುಡುಗಿ ಕಣೋ ಧೀರಜ್, ಒನೆಹುಂಗಾದ ಔಷಧಿ ಅಂಗಡೀಲಿ. ಮೆಹ್ನಾಜ್ ಅಂತ. ಮನೆ ಇಲ್ಲೇ ಎರಡು ರಸ್ತೆ ಆಚೆ. ಹೊತ್ತೇ ಹೋಗಲ್ಲ ಅಂದೆ, ಸೀರಿಯಲ್ ತೋರಿಸ್ತೀನಿ ಆಂಟಿ ಅಂತ ಬಂದೇ ಬಿಟ್ಲು."

ಮಾತ್ರೆ ತರಲು ಹೋದ ದಿನ ನಾನು ಪಾರ್ಕಿಂಗ್ ಸಿಗದೆ ಕಾರಿನಲ್ಲೇ ಕೂತಿದ್ದ ಹತ್ತು ನಿಮಿಷದಲ್ಲಿ ಅಮ್ಮ ಇಷ್ಟು ಸ್ನೇಹ ಬೆಳೆಸಿಕೊಂಡಿದ್ದಳು. ಅಪ್ಪ ತೀರಿಕೊಂಡ ಮೇಲೆ ಮೈಸೂರಿನಿಂದ ಈ ಪರದೇಶಕ್ಕೆ ನನ್ನ ಬಳಿ ಬಂದವಳು, ಇಂಗ್ಲಿಷ್ ಬಾರದು, ಕಾರು ಓಡಿಸಲು ಬಾರದು. ಫ್ಲ್ಯಾಟ್ ಬುಷ್‌ನಲ್ಲಿ ಕಾರಿಲ್ಲದವರ ಭಾನುವಾರ ಬಹಳ ಉದ್ದ.

ಮೆಹ್ನಾಜ್‌ಗೆ ಕ್ಯಾಂಟನೀಸ್ ಸೀರಿಯಲ್‌ಗಳ ಹುಚ್ಚು. ಓದುವಾಗ ಹಾಂಗ್‌ಕಾಂಗಿನ ಹುಡುಗಿಯೊಬ್ಬಳು ಅವಳ ಫ್ಲ್ಯಾಟ್‌ಮೇಟ್ ಆಗಿದ್ದಳಂತೆ. ಮೊದಲು ಇಂಗ್ಲಿಷ್ ಸಬ್‌ಟೈಟಲ್ ಓದಿಕೊಂಡು ನೋಡಿದಳು. ಏಳು ವರ್ಷದಲ್ಲಿ ಭಾಷೆ ಕಿವಿಗೆ ಹತ್ತಿತು. ಹೊಸ ಸೀರಿಯಲ್ ಬಂದಾಗಲೆಲ್ಲ ಕನ್ನಡದಲ್ಲಿ ವಿಮರ್ಶೆ ಬರೆದು ಇನ್‌ಸ್ಟಾಗ್ರಾಮಿನಲ್ಲಿ ಹಾಕುತ್ತಿದ್ದಳು. ಓದುವವರು ಬೆರಳೆಣಿಕೆಯಷ್ಟು. ಅವರಲ್ಲಿ ಒಬ್ಬ ನಾನು, ಸುಳ್ಳು ಹೆಸರಿನಲ್ಲಿ.

ಅಮ್ಮನಿಗಾಗಿ ಅವಳು ಪ್ರತಿ ಮಾತನ್ನೂ ಆಗಿಂದಾಗಲೇ ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದಳು. ಟಿವಿಯ ಸದ್ದು ಕಡಿಮೆ ಮಾಡಿ, ಇನ್ಸ್‌ಪೆಕ್ಟರು, ಕಳ್ಳ, ವಕೀಲೆ, ಹೋಟೆಲಿನ ಮುದುಕಿ ಎಲ್ಲರ ದನಿಯನ್ನೂ ತಾನೇ ತೆಗೆಯುತ್ತಿದ್ದಳು. ಎಲ್ಲರೂ ಗದಗಿನವರೇ.

ಭಾನುವಾರ ಮೂರು ಗಂಟೆಗೆ ಎರಡು ಎಪಿಸೋಡು. ಇದು ನಿಯಮವಾಯಿತು.

ನಾನು ಸೀರಿಯಲ್ ನೋಡುವವನಲ್ಲ ಎಂದು ಜಂಬ ಕೊಚ್ಚಿಕೊಂಡು ಅಡುಗೆಮನೆಯಲ್ಲಿ ನಿಲ್ಲುತ್ತಿದ್ದೆ. ಹಾಲಿಗೂ ಅದಕ್ಕೂ ನಡುವೆ ಗೋಡೆಯಿಲ್ಲ, ಅಡುಗೆ ಕಟ್ಟೆಯಷ್ಟೇ. ಅದರ ಆಚೆ ಟಿವಿ ನನಗೆ ಬೆನ್ನು ಹಾಕಿ ನಿಂತಿತ್ತು. ಸೋಫಾದಲ್ಲಿ ಕೂತವರಿಗೆ ಪರದೆ ಕಾಣುತ್ತಿತ್ತು. ನನಗೆ ಅವಳು ಕಾಣುತ್ತಿದ್ದಳು. ಒಂದು ಲೋಟ ಚಹಾ ಮಾಡಲು ನನಗೆ ಒಂದೂವರೆ ತಾಸು ಹಿಡಿಯುತ್ತಿತ್ತು.

"ಧೀರಜ್ ಅವ್ರ, ಚಾದಾಗ ಸಕ್ಕರಿ ಮರೆತೀರಿ."

"ಮರೆತಿಲ್ಲ. ಹೋದ ವಾರ ಕಮ್ಮಿ ಮಾಡಿ ಅಂದ್ರಲ್ಲ."

"ಕಮ್ಮಿ ಅಂದ್ರ ಪೂರ್ತಿ ಇಲ್ಲಂತಲ್ರಿ."

ಹೀಗೆ ಹೇಳುವಾಗ ಅವಳ ಎಡ ಹುಬ್ಬು ಮೇಲೇರುತ್ತಿತ್ತು, ತುಟಿ ನಗದ ಹಾಗೆ ಬಿಗಿದಿರುತ್ತಿತ್ತು, ಕಣ್ಣು ಮಾತ್ರ ಮಾತು ಕೇಳುತ್ತಿರಲಿಲ್ಲ. ನಾನು ಸಕ್ಕರೆ ಡಬ್ಬಿ ಹಿಡಿದು ಹೋಗಿ ಅವಳ ಎದುರು ನಿಲ್ಲುತ್ತಿದ್ದೆ. ಅವಳು ಚಮಚ ತೆಗೆದುಕೊಳ್ಳುತ್ತಿದ್ದಳು. ಅಷ್ಟಕ್ಕೇ ನನ್ನ ವಾರ ಸಾಗುತ್ತಿತ್ತು.

ಪ್ರೀತಿಸುತ್ತಿದ್ದೆ. ಇದನ್ನು ಸುತ್ತಿ ಬಳಸಿ ಹೇಳುವ ಕಾಲ ಮುಗಿದಿದೆ. ಪ್ರೀತಿಸುತ್ತಿದ್ದೆ, ಹೇಳಿರಲಿಲ್ಲ. ಅಮ್ಮ ಅವಳ ಜೊತೆ ಒಂದೇ ತಟ್ಟೆಯಿಂದ ಗಿರಮಿಟ್ಟು ತಿನ್ನುತ್ತಿದ್ದಳು, ನಿಜ. ಆದರೆ ಫೋನಿನಲ್ಲಿ ಮೈಸೂರಿನ ಚಿಕ್ಕಮ್ಮನಿಗೆ "ಸಾಬರ ಹುಡುಗಿ, ಆದ್ರೂ ಎಷ್ಟು ಒಳ್ಳೇವಳು ಗೊತ್ತಾ" ಎನ್ನುತ್ತಿದ್ದಳು. ಆ 'ಆದ್ರೂ' ನನ್ನ ಬಾಯಿ ಕಟ್ಟಿತ್ತು. ಸಮಯ ನೋಡಿ ಹೇಳೋಣ ಎಂದುಕೊಂಡೆ. ನನ್ನಂಥವರಿಗೆ ಸಮಯ ಯಾವಾಗಲೂ ಮುಂದಿನ ತಿಂಗಳು ಇರುತ್ತದೆ.

ಜುಲೈನಲ್ಲಿ ಹೊಸದೊಂದು ಸೀರಿಯಲ್ ಬಂತು. ಹೀರೋ ಲಿಫ್ಟ್ ರಿಪೇರಿ ಮಾಡುವವನು. ಹೀರೋಯಿನ್ ಮೂವತ್ತೊಂದನೆಯ ಮಹಡಿಯವಳು, ಮನೆಯವರು ದೇಶ ಬಿಡಲು ಹೊರಟಿದ್ದಾರೆ. ಮೆಹ್ನಾಜ್ ಅದನ್ನು ತಲೆಯ ಮೇಲೆ ಹೊತ್ತುಕೊಂಡು ಮೆರೆದಳು.

"ಹಳೇವು ಎಂಬತ್ತು ಎಪಿಸೋಡ್ ಇರತಿದ್ವು ಆಂಟಿ. ಆಸ್ತಿ ಜಗಳ, ಊಟದ ಟೇಬಲ್ ಮ್ಯಾಲ ಅಳೂದು, ಎಲ್ಲಾ ಬಾಯಿಬಿಟ್ಟು ಹೇಳೂದು. ಹೊಸಾವು ಇಪ್ಪತ್ತಕ್ಕ ಮುಗೀತಾವ. ಅಳಾಕ ಟೈಮಿಲ್ಲ. ಸುಮ್ಮನ ನಿಂತು ನೋಡ್ತಾರ, ನಮ್ಮ ಹೊಟ್ಟಿ ಕಿವಿಚಿದಂಗ ಆಗ್ತೈತಿ."

"ಮಾತೇ ಇಲ್ದಿದ್ರೆ ನೀವೇನು ಹೇಳ್ತೀರಿ?" ಎಂದು ಕಟ್ಟೆಯ ಆಚೆಯಿಂದ ಕೆಣಕಿದೆ.

"ನಾನೂ ಸುಮ್ಮನ ಇರ್ತೀನ್ರಿ. ಅದೂ ಟ್ರಾನ್ಸ್‌ಲೇಷನ್ನೇ."

ಹದಿನೆಂಟನೆಯ ಎಪಿಸೋಡಿನ ದಿನ ಅವಳು ಯಾಕೋ ಮಂಕಾಗಿದ್ದಳು. ಚಹಾದಲ್ಲಿ ಸಕ್ಕರೆ ಇದೆಯೋ ಇಲ್ಲವೋ ನೋಡಲಿಲ್ಲ. ಎಪಿಸೋಡಿನ ನಡುವೆ ಸ್ವಲ್ಪ ಹೊತ್ತು ಮೌನ. ನಾನು ಏಲಕ್ಕಿ ಜಜ್ಜುತ್ತಾ ಅವಳನ್ನೇ ನೋಡುತ್ತಿದ್ದೆ. ಅವಳು ಪರದೆಯ ಮೇಲೇ ಕಣ್ಣಿಟ್ಟು ನಿಧಾನವಾಗಿ ಶುರು ಮಾಡಿದಳು.

"ನನ್ನ ಕೇಳಾಕ ಒಂದು ಮನಿಯವ್ರು ಬಂದಾರ. ದೂರದ ಊರು. ಶುಕ್ರವಾರ ಉತ್ತರ ಹೇಳಬೇಕು. ನಾ ಇನ್ನೂ ಹೂಂ ಅಂದಿಲ್ಲ. ನೀವೊಮ್ಮೆ ಬ್ಯಾಡ ಅನ್ರಿ, ಸಾಕು. ಯಾರ ಏನರ ಅನ್ಲಿ, ನಾ ಇಲ್ಲೇ ಇರ್ತೀನಿ."

ಎಂಥ ಚೆಂದದ ಡೈಲಾಗು ಎಂದುಕೊಂಡೆ. ದೇವರಾಣೆಗೂ ಹಾಗೇ ಅಂದುಕೊಂಡೆ.

"ಅವನೇನಂದ?" ಎಂದೆ.

ಅವಳು ನನ್ನ ಕಡೆ ತಿರುಗಿದಳು. "ಇನ್ನೂ ಏನೂ ಅಂದಿಲ್ಲ."

"ಹಾಗಿದ್ರೆ ಶುದ್ಧ ದಡ್ಡ ಇರ್ಬೇಕು. ಅಂಥವನಿಗೋಸ್ಕರ ಯಾಕೆ ಕಾಯ್ತಾಳೆ? ಹೋಗ್ಲಿ ಬಿಡಿ. ಹೋಗೋದೇ ಅವಳಿಗೆ ಒಳ್ಳೇದು."

ನಾನು ನಕ್ಕೆ. ಅವಳೂ ನಗುತ್ತಾಳೆ ಎಂದು ಕಾದೆ. ಅವಳು ಪರದೆಯ ಕಡೆ ತಿರುಗಿ, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಕಥೆ ಹೇಳತೊಡಗಿದಳು. ದನಿ ಬದಲಾಗಿರಲಿಲ್ಲ. ಅಮ್ಮ ಮಾತ್ರ ನನ್ನನ್ನೊಮ್ಮೆ ನೋಡಿ, ತಲೆ ತಗ್ಗಿಸಿ ಸೆರಗಿನ ಅಂಚು ಸರಿ ಮಾಡಿಕೊಂಡಳು. ಚಹಾ ಉಕ್ಕಿತು, ನಾನು ಒಲೆಯ ಕಡೆ ಓಡಿದೆ.

ಮುಂದಿನ ಭಾನುವಾರ ಅವಳು ಬರಲಿಲ್ಲ. ಅದರ ಮುಂದಿನ ಭಾನುವಾರವೂ. ಮೂರನೆಯ ವಾರ ಅಮ್ಮನಿಗೆ ಫೋನ್ ಮಾಡಿ, ವೆಲ್ಲಿಂಗ್ಟನ್ ಹತ್ತಿರದ ಪೊರಿರುವಾದಲ್ಲಿ ಕೆಲಸ ಸಿಕ್ಕಿದೆ, ಅಲ್ಲಿನ ಆತಿಫ್ ಎಂಬವರ ಜೊತೆ ನಿಶ್ಚಯವಾಗಿದೆ, ನವೆಂಬರಿನಲ್ಲಿ ನಿಕಾಹ್, ಆಂಟಿ ಆಶೀರ್ವಾದ ಮಾಡಬೇಕು ಎಂದಳಂತೆ. ನನ್ನನ್ನು ಕೇಳಲಿಲ್ಲ.

ಆ ದಿನಗಳ ಬಗ್ಗೆ ಹೆಚ್ಚು ಬರೆಯಲಾರೆ. ಆಫೀಸಿಗೆ ಹೋದೆ, ಬಂದೆ. ಒನೆಹುಂಗಾದ ಆ ಅಂಗಡಿಯ ಮುಂದೆ ಬೇಕೆಂದೇ ಕಾರು ನಿಲ್ಲಿಸಿದಾಗ ಪಾರ್ಕಿಂಗ್ ಸಲೀಸಾಗಿ ಸಿಕ್ಕಿತು, ಅದಕ್ಕೂ ಸಿಟ್ಟು ಬಂತು.

ಅಕ್ಟೋಬರಿನ ಒಂದು ಭಾನುವಾರ ಅಮ್ಮನೇ ಕೇಳಿದಳು, "ಆ ಲಿಫ್ಟ್ ಹುಡುಗನ ಕಥೆ ಏನಾಯ್ತೋ? ನೀನೇ ಹೇಳು, ಇಂಗ್ಲಿಷ್ ಬರುತ್ತಲ್ಲ."

ಮೊದಲ ಸಲ ಸೋಫಾದಲ್ಲಿ ಕೂತೆ. ಎಲ್ಲಿಗೆ ಬಿಟ್ಟಿದ್ದೆವೆಂದು ತಿಳಿಯಲು ಹದಿನೆಂಟನೆಯದನ್ನೇ ಹಾಕಿದೆ. ಆ ದೃಶ್ಯ ಬಂತು. ಕೆಟ್ಟು ನಿಂತ ಲಿಫ್ಟಿನಲ್ಲಿ ಹುಡುಗ, ಹುಡುಗಿ. ಅವನು ತಂತಿ ಬಿಚ್ಚುತ್ತಾನೆ, ಅವಳು ಟಾರ್ಚ್ ಹಿಡಿಯುತ್ತಾಳೆ. ಪರದೆಯ ಕೆಳಗೆ ಒಂದಕ್ಷರವೂ ಮೂಡಲಿಲ್ಲ. ನಾಲ್ಕು ನಿಮಿಷ ಇಬ್ಬರೂ ತುಟಿ ಬಿಚ್ಚಲಿಲ್ಲ. ಲಿಫ್ಟ್ ಸರಿಹೋಯಿತು, ಅವಳು ಇಳಿದು ಹೋದಳು.

ಹಿಂದಕ್ಕೆ ಹಾಕಿ ಮತ್ತೆ ನೋಡಿದೆ. ಆ ದಿನ ನಾನು ಟಿವಿಯ ಈ ಬದಿಗೆ ನಿಂತಿದ್ದರೆ ಸಾಕಿತ್ತು. ಮುಖ ನೋಡುವ ಆಸೆಗೆ ಬಿದ್ದು, ಆ ಮುಖ ನನಗೇ ಹೇಳಿದ್ದನ್ನು ಕೇಳಿಸಿಕೊಳ್ಳಲಿಲ್ಲ.

"ಅಮ್ಮ, ಇಲ್ಲಿ ಮಾತೇ ಇಲ್ಲ."

ಅಮ್ಮ ಮತ್ತೆ ಸೆರಗಿನ ಅಂಚು ಸರಿ ಮಾಡಿಕೊಂಡಳು.

"ನಿನಗೆ ಗೊತ್ತಿತ್ತಾ?"

"ಭಾಷೆ ಬರಲ್ಲ ಅಷ್ಟೇ, ಕಣ್ಣು ಕಾಣುತ್ತೆ ಕಣೋ. ಆ ಹುಡುಗಿ ಬಾಯೇ ತೆಗೀಲಿಲ್ಲ."

"ಮತ್ತೆ ಯಾಕೆ ಹೇಳಲಿಲ್ಲ ನೀನು?"

"ನೀನೇ ಹೋಗ್ಲಿ ಬಿಡಿ ಅಂದ್ಯಲ್ಲ. ಗೊತ್ತಿದ್ದೇ ಅಂದೆ ಅಂದ್ಕೊಂಡೆ." ನನ್ನ ಮುಖ ನೋಡದೆ ಹೇಳಿದಳು, "ನಿಜ ಹೇಳ್ಲಾ? ಹಾಗಂದ್ಕೊಳ್ಳೋದು ನಂಗೆ ಸುಲಭ ಆಯ್ತು. ಅವಳು ಅಂದ್ರೆ ನಂಗೆ ಪ್ರಾಣ. ಸೊಸೆಯಾಗಿ ಬಂದ್ರೆ ಅಂದ್ಕೊಂಡಾಗ ಎದೆ ಝಲ್ಲಂತು. ಊರಲ್ಲಿ ಏನಂತ ಹೇಳ್ಲಿ ಅಂತ."

ನಾನು ಕೂಗಾಡಲಿಲ್ಲ. ಟಿವಿ ಆರಿಸಿ ವೆಲ್ಲಿಂಗ್ಟನ್ನಿಗೆ ವಿಮಾನದ ಟಿಕೆಟ್ ಮಾಡಿದೆ.

ಪೊರಿರುವಾ ಸ್ಟೇಷನ್ನಿನಲ್ಲಿ ರೈಲಿನಿಂದ ಇಳಿದಾಗ ಗಾಳಿ ನಿಲ್ಲಗೊಡುತ್ತಿರಲಿಲ್ಲ. ಫೋನ್ ಮಾಡಿದೆ. "ಲಂಚ್‌ಗೆ ಅರ್ಧ ತಾಸು ಐತಿ" ಎಂದಳು, ಯಾಕೆ ಬಂದಿರಿ ಎಂದು ಕೇಳಲಿಲ್ಲ. ಸಮುದ್ರದ ಹಿನ್ನೀರಿನ ಬದಿಯ ಬೆಂಚಿಗೆ ಬಂದಳು. ಬಿಳಿ ಕೋಟಿನ ಮೇಲೆ ಜಾಕೆಟ್ಟು, ಗಾಳಿಗೆ ಹಾರುವ ದುಪಟ್ಟಾ. ಸೊರಗಿದ್ದಳು. ನನ್ನನ್ನು ನೋಡಿ ಅದೇ ಎಡ ಹುಬ್ಬು ಏರಿತು, ಅರ್ಧಕ್ಕೇ ಇಳಿಯಿತು.

"ಹದಿನೆಂಟನೇ ಎಪಿಸೋಡ್ ನೋಡ್ದೆ," ಎಂದೆ.

ಅವಳು ನೀರಿನ ಕಡೆ ನೋಡಿದಳು. "ಭಾಳ ತಡಾ ಮಾಡಿ ನೋಡಿದ್ರಿ."

"ಅದು ಸೀರಿಯಲ್‌ನ ಮಾತು ಅಂದ್ಕೊಂಡೆ ಮೆಹ್ನಾಜ್. ನಿಮ್ಮಾಣೆ."

"ಗೊತ್ತಾತ್ರಿ ಆಮ್ಯಾಲ. ನಾ ಮನಿಗೆ ಹೋಗಿ ಅತ್ತು ಮುಗಿಸಿದ ಮ್ಯಾಲ ಅನಿಸ್ತು, ಪಾಪ, ಅವರಿಗೆ ಪರದೆ ಕಾಣ್ತಿರಲಿಲ್ಲ ಅಂತ. ಅದಕ್ಕ ಶುಕ್ರವಾರದ ತನಕ ಫೋನ್ ಹಿಡಕೊಂಡ ಕೂತಿದ್ದೆ. ಆಂಟಿ ಆದ್ರೂ ನಿಮಗ ಹೇಳ್ತಾರ ಅಂತ."

"ನಾನು ನಿಮ್ಮನ್ನ ಪ್ರೀತಿಸ್ತೀನಿ. ಮೊದಲ ದಿನದಿಂದ. ಈಗ ಹೇಳ್ತಿದೀನಿ, ಬೇಡ. ಹೋಗ್ಬೇಡಿ."

ಅವಳ ಕಣ್ಣು ತುಂಬಿ ಬಂತು. ಕೈ ಅಡ್ಡ ಹಿಡಿಯಲಿಲ್ಲ, ಒರೆಸಿಕೊಳ್ಳಲೂ ಇಲ್ಲ. ಅಷ್ಟು ಹತ್ತಿರದಿಂದ ನಾನು ಅವಳನ್ನು ಎಂದೂ ನೋಡಿರಲಿಲ್ಲ. ರೆಪ್ಪೆಗಳ ಮೇಲೆ ಗಾಳಿ ತಂದ ಸಣ್ಣ ಮರಳಿತ್ತು.

"ಒಂದು ಕೇಳ್ತೀನಿ, ಖರೇ ಹೇಳ್ರಿ," ಎಂದಳು. "ಅವತ್ತ ನಿಮಗ ಗೊತ್ತಾಗಿದ್ರ, ಅದು ನನ್ನ ಮಾತು ಅಂತ, ನಿಮಗ ಅಂತ... ಆಂಟಿ ಮುಂದ ಬ್ಯಾಡ ಅಂತಿದ್ರೇನ್ರಿ?"

ಅಂತಿದ್ದೆ ಎನ್ನಲು ಬಾಯಿ ತೆರೆದೆ.

ಅಮ್ಮ ತಲೆ ತಗ್ಗಿಸಿ ಸೆರಗು ಸರಿ ಮಾಡಿಕೊಂಡದ್ದು ಕಣ್ಣ ಮುಂದೆ ಬಂತು. ನನ್ನನ್ನು ನಾನು ಆ ಕಟ್ಟೆಯ ಹಿಂದೆ ನಿಲ್ಲಿಸಿ ನೋಡಿದೆ. ನಾಳೆ ಮಾತಾಡೋಣ ಎನ್ನುತ್ತಿದ್ದೆ. ಮೊದಲು ಅಮ್ಮನನ್ನು ಒಪ್ಪಿಸುತ್ತೇನೆ ಎನ್ನುತ್ತಿದ್ದೆ. ಚಹಾ ಉಕ್ಕಿತೆಂದು ಒಲೆಯ ಕಡೆ ಓಡುತ್ತಿದ್ದೆ. ಆದದ್ದು ತಪ್ಪು ತಿಳಿವಳಿಕೆ ಎಂದು ಹೇಳಲು ಇಷ್ಟು ದೂರ ಬಂದವನಿಗೆ ಅಲ್ಲಿ ಯಾವ ತಪ್ಪು ತಿಳಿವಳಿಕೆಯೂ ಸಿಗಲಿಲ್ಲ. ತಿಳಿಯದೆ ಆಡಿದ ಮಾತನ್ನೇ ತಿಳಿದಿದ್ದರೂ ಆಡುತ್ತಿದ್ದೆ, ಇಷ್ಟು ನೇರವಾಗಿ ಅಲ್ಲ, ಅಷ್ಟೇ.

"ಇಲ್ಲ," ಎಂದೆ. "ಅಂತಿರ್ಲಿಲ್ಲ."

ಅವಳು ದುಪಟ್ಟಾದ ತುದಿಯಿಂದ ಮುಖ ಒರೆಸಿಕೊಂಡು ಎದ್ದಳು.

"ಸುಳ್ಳು ಹೇಳಿದ್ರ ನಾ ಇವತ್ತ ನಿಮ್ಮ ಜೋಡಿ ಬಂದುಬಿಡ್ತಿದ್ದೆ ಧೀರಜ್. ದೇವರ ದಯಾ, ನೀವು ಹೇಳಲಿಲ್ಲ. ಇನ್ನ ನಾ ಆರಾಮ ಇರ್ತೀನಿ."

ಮೊದಲ ಸಲ ನನ್ನನ್ನು 'ಅವ್ರ' ಇಲ್ಲದೆ ಕರೆದಿದ್ದಳು. ರಸ್ತೆ ದಾಟಿ, ಅಂಗಡಿಯ ಬಾಗಿಲು ತಳ್ಳಿ ಒಳಗೆ ಹೋದಳು. ಗಾಜಿನಾಚೆ, ಕೌಂಟರಿನಲ್ಲಿ ಕಾಯುತ್ತಿದ್ದ ಅಜ್ಜಿಯೊಬ್ಬಳ ಕಡೆ ಬಾಗಿ ಮಾತ್ರೆ ಹೇಗೆ ತೆಗೆದುಕೊಳ್ಳಬೇಕೆಂದು ತಿಳಿಸುತ್ತಿದ್ದುದು ಕಾಣಿಸಿತು.

ರೈಲು ಬರಲು ಇನ್ನೂ ಹೊತ್ತಿತ್ತು. ಅಮ್ಮ ಫೋನ್ ಮಾಡಿದಳು.

"ಏನಂದ್ಲೋ? ಕರ್ಕೊಂಡು ಬಾರೋ. ನಾನು ಹೂಂ ಅಂತೀನಿ. ಚಿಕ್ಕಮ್ಮನಿಗೂ ಹೇಳಾಯ್ತು. ನಾನೇ ಬೇಕಾದ್ರೆ ಮಾತಾಡ್ತೀನಿ, ಅವಳಿಗೆ ಫೋನ್ ಕೊಡು."

"ಬೇಡ ಅಂದ್ಲು ಅಮ್ಮ," ಎಂದೆ.

"ನನ್ನಿಂದಾನೇ ಅಲ್ವೇನೋ? ನನ್ನಿಂದಾನೇ ಆಯ್ತು ಅಲ್ವಾ?"

ಅಲ್ಲ ಎಂದು ಹೇಳಬೇಕಿತ್ತು. ಅಮ್ಮನದೇನೂ ತಪ್ಪಿಲ್ಲವೆಂದು, ನಾನೇ ಹೇಡಿಯೆಂದು, ಆ ಒಂದು ನಿಜ ಹೇಳಿದ್ದರೆ ಅಮ್ಮನಾದರೂ ಆ ರಾತ್ರಿ ನಿದ್ದೆ ಮಾಡುತ್ತಿದ್ದಳು. ಅಮ್ಮ ಬಿಕ್ಕುತ್ತಿದ್ದುದು ಕೇಳಿಸುತ್ತಿತ್ತು. ನಾನು ಆಗಲೂ ಸುಮ್ಮನಿದ್ದೆ.